ಆಸ್ಪತ್ರೆಯಲ್ಲಿ ಬಾಟಲಿ ನೀರು: ಮುಂಬೈಗೆ ಚಿಕಿತ್ಸೆಗೆ ಬರುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಕರಾವಳಿಯವರು ಮತ್ಸ್ಯಗಂಧ ಹತ್ತಿ ಮುಂಬೈಗೆ ಚಿಕಿತ್ಸೆಗೆ ಬರುತ್ತಲೇ ಇರುತ್ತಾರೆ. ಪರೇಲ್‌ನ ಟಾಟಾ, ಕೆಇಎಂ, ವಾಡಿಯಾ ಆಸ್ಪತ್ರೆಗಳ ಸುತ್ತ ಕನ್ನಡ ಮಾತು ಕೇಳದ ದಿನವೇ ಇಲ್ಲ. ರೋಗಿಯ ಜೊತೆ ಬಂದವರು ಊಟ, ರೂಮು, ರಕ್ತ ಎಲ್ಲದರ ಬಗ್ಗೆ ಕೇಳುತ್ತಾರೆ. ನೀರಿನ ಬಗ್ಗೆ ಮಾತ್ರ ಯಾರೂ ಮೊದಲೇ ಕೇಳುವುದಿಲ್ಲ. ಗೇಟಿನ ಹೊರಗೆ ಬಾಟಲಿ ಸಿಗುತ್ತದೆ, ತಂದರಾಯಿತು ಅಂದುಕೊಳ್ಳುತ್ತಾರೆ. ವಾಂತಿ ಭೇದಿ ಶುರುವಾದ ಮೇಲೆ ಪ್ರಶ್ನೆಗಳು ಬರುತ್ತವೆ. ಅದಕ್ಕೇ ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಿಮ್ಮ ರೋಗಿಯ ವಿಷಯದಲ್ಲಿ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಕೊನೆ.

ಸೀಲ್ ಇರುವ ಬಾಟಲಿ ನೀರು ರೋಗಿಗೆ ಪೂರ್ತಿ ಸುರಕ್ಷಿತ ಅಲ್ವಾ?

ಹೆಚ್ಚಿನ ರೋಗಿಗಳಿಗೆ ಹೌದು. ಮುರಿದ ಕಾಲಿಗೆ ರಾಡ್ ಹಾಕಿಸಿಕೊಂಡವರು, ಹರ್ನಿಯಾ ಆಪರೇಷನ್ ಆದವರು, ಸಾಮಾನ್ಯ ಹೆರಿಗೆ ಆದವರು ಒಳ್ಳೆಯ ಕಂಪನಿಯ ಸೀಲ್ ಬಾಟಲಿ ನೀರನ್ನು ಧಾರಾಳವಾಗಿ ಕುಡಿಯಬಹುದು.

ಆದರೆ ಒಂದು ವಿಷಯ ತಿಳಿದಿರಬೇಕು. ಬಾಟಲಿ ನೀರು ಶುದ್ಧ ನೀರು, ಆದರೆ ಸ್ಟೆರೈಲ್ ನೀರಲ್ಲ, ಅಂದರೆ ಒಂದೂ ಸೂಕ್ಷ್ಮಾಣು ಇಲ್ಲದ ನೀರಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 14543 ಎಂಬ ಮಾನದಂಡ ಇದೆ. ಅದರ ಪ್ರಕಾರ 250 ಮಿಲಿ ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು. ಸ್ಯೂಡೊಮೊನಾಸ್ ಎಂಬ ಆಸ್ಪತ್ರೆ ಸೋಂಕಿನ ಬ್ಯಾಕ್ಟೀರಿಯಾ ಇರಬಾರದು. ಕಾಲರಾ, ಟೈಫಾಯ್ಡ್ ತರುವಂಥವೂ ಇರಬಾರದು. ಇಷ್ಟೆಲ್ಲ ಹೇಳಿದ ಅದೇ ಮಾನದಂಡ ಒಂದು ಮಿಲಿ ನೀರಿನಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾ ಸ್ವಲ್ಪ ಇರಲು ಬಿಡುತ್ತದೆ. 37 ಡಿಗ್ರಿಯಲ್ಲಿ ಬೆಳೆಯುವಂಥವು 20ರವರೆಗೆ, 20ರಿಂದ 22 ಡಿಗ್ರಿಯಲ್ಲಿ ಬೆಳೆಯುವಂಥವು 100ರವರೆಗೆ. ಗಟ್ಟಿ ಮೈಯವರಿಗೆ ಇದು ಏನೂ ಅಲ್ಲ. ಬಿಳಿ ರಕ್ತಕಣ ನೆಲಕಚ್ಚಿದವರಿಗೆ, ಐಸಿಯುನಲ್ಲಿ ಇರುವವರಿಗೆ ಇದೇ ದೊಡ್ಡ ವಿಷಯ ಆಗಬಹುದು.

ಹಾಗೆ ಆಗಿರುವುದೂ ಉಂಟು. ಜರ್ಮನಿಯ ಒಂದು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 6 ಐಸಿಯುಗಳ ರೋಗಿಗಳಿಗೆ ಸ್ಯೂಡೊಮೊನಾಸ್ ಸೋಂಕು ತಗುಲಿತು. ಹುಡುಕುತ್ತಾ ಹೋದರೆ ಮೂಲ ಸಿಕ್ಕಿದ್ದು ರೋಗಿಗಳಿಗೆ ಕೊಡುತ್ತಿದ್ದ ಬಾಟಲಿ ನೀರಿನಲ್ಲಿ. 2008ರಲ್ಲಿ ಆ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಷ್ಟು ಕಟ್ಟುನಿಟ್ಟಿನ ದೇಶದಲ್ಲೇ ಹಾಗಾದರೆ, ನಾವು ಸೀಲ್ ಒಂದನ್ನೇ ನೋಡಿ ಸಮಾಧಾನ ಪಟ್ಟುಕೊಳ್ಳುವುದು ಸಾಲದು.

ಕೀಮೋ ನಡೆಯುತ್ತಿದೆ. ಯಾವ ನೀರು ಕೊಡಬೇಕು?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕೀಮೋ ಕೊಟ್ಟ ಕೆಲವು ದಿನಗಳ ನಂತರ ಬಿಳಿ ರಕ್ತಕಣ ತುಂಬಾ ಇಳಿಯುತ್ತದೆ. ಡಾಕ್ಟರು 'ಕೌಂಟ್ ಕಮ್ಮಿ ಇದೆ' ಎನ್ನುವ ದಿನಗಳು ಇವೇ. ಆಗ ಕುದಿಸಿ ಆರಿಸಿದ ನೀರೇ ಎಲ್ಲಕ್ಕಿಂತ ನಂಬಿಕೆಯದು. ನೀರು ಗುಳುಗುಳು ಅಂತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಬೇಕು. ಮುಚ್ಚಿದ ಪಾತ್ರೆಯಲ್ಲೇ ಆರಬೇಕು. ಅದೇ ದಿನ ಮುಗಿಸಬೇಕು.

ಧರ್ಮಶಾಲೆಯಲ್ಲಿ ಇಳಿದವರಿಗೆ ಒಲೆ ಸಿಗುವುದಿಲ್ಲ, ನಿಜ. ಒಂದು ಎಲೆಕ್ಟ್ರಿಕ್ ಕೆಟಲ್ ಇಟ್ಟುಕೊಂಡರೆ ಒಳ್ಳೆಯದು. ಕೆಲವು ಕಡೆ ರೂಮಿನಲ್ಲಿ ಕೆಟಲ್ ಹಾಕಲು ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಚಹಾ ಅಂಗಡಿಯವರನ್ನು ಕೇಳಿದರೆ ಫ್ಲಾಸ್ಕಿಗೆ ಕುದಿದ ನೀರು ಹಾಕಿಕೊಡುತ್ತಾರೆ. ಹಾಕುವಾಗ ನೀರು ಕುದಿಯುತ್ತಿದೆಯೇ ಅಂತ ಕಣ್ಣಾರೆ ನೋಡಿ. ಗೀಜರಿನ ಬಿಸಿನೀರು ಕುದಿದ ನೀರಲ್ಲ. ಅದನ್ನು ಕುಡಿಯಲೇಬಾರದು. ಈ ತಪ್ಪು ತುಂಬಾ ಜನ ಮಾಡುತ್ತಾರೆ.

ಕುದಿಸಲು ದಾರಿಯೇ ಇಲ್ಲದಿದ್ದರೆ ಚಿಕ್ಕ ಸೀಲ್ ಬಾಟಲಿ ತಗೊಳ್ಳಿ. 200 ಅಥವಾ 250 ಮಿಲಿಯದ್ದು. ತೆರೆದು ಒಂದೇ ಸಲಕ್ಕೆ ಮುಗಿಸಬಹುದು. ರೊಕ್ಕ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಕೌಂಟ್ ಇಳಿದಿರುವ ಆ ಕೆಲವು ದಿನಗಳ ಮಟ್ಟಿಗೆ ಅದು ದಂಡ ಅಲ್ಲ. ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್‌ಗೆ ಖಾರ್‌ಘರ್‌ನಲ್ಲಿರುವ ಟಾಟಾದವರದೇ ಆಕ್ಟ್ರೆಕ್ ಕೇಂದ್ರಕ್ಕೆ ಹೋಗುವವರು ಅಲ್ಲಿನ ಸಿಸ್ಟರ್ ಹೇಳಿದ್ದನ್ನು ಬಿಟ್ಟು ಹನಿ ನೀರನ್ನೂ ಹೊರಗಿನಿಂದ ಕೊಡಬೇಡಿ.

ಅಸಲಿ ಬಾಟಲಿ, ನಕಲಿ ಬಾಟಲಿ ಗುರುತಿಸುವುದು ಹೇಗೆ?

ಮುಂಬೈಯಲ್ಲಿ 'ಬಿಸ್ಲೇರಿ ಕೊಡಿ' ಅಂದರೆ ಅಂಗಡಿಯವರು ಕೈಗೆ ಸಿಕ್ಕ ಯಾವುದೋ ಬಾಟಲಿ ಕೊಡುತ್ತಾರೆ. ಸುಮ್ನೆ ತೆಗೆದುಕೊಂಡು ಬರಬೇಡಿ. ಮೊದಲು ಹೆಸರು ಅಕ್ಷರ ಅಕ್ಷರವಾಗಿ ಓದಿ. ದೊಡ್ಡ ಕಂಪನಿಯ ಬಣ್ಣ, ಅದೇ ಥರದ ಅಕ್ಷರ, ಒಂದೆರಡು ಅಕ್ಷರ ಹಿಂದೆ ಮುಂದೆ, ಹಾಗೆ ಮಾಡಿದ ಬಾಟಲಿಗಳು ಇವೆ.

ಆಮೇಲೆ ಮುಚ್ಚಳ. ತಿರುಗಿಸಿದಾಗ ಕಟಕ್ ಅಂತ ಸಣ್ಣ ಕೊಂಡಿಗಳು ಮುರಿಯಬೇಕು, ಕೆಳಗಿನ ಬಳೆ ಬಾಟಲಿಯ ಕುತ್ತಿಗೆಯಲ್ಲೇ ಉಳಿಯಬೇಕು. ಮುಚ್ಚಳ ಮೆತ್ತಗೆ ತಿರುಗಿದರೆ, ಬಳೆ ಸಡಿಲ ಇದ್ದರೆ ವಾಪಸ್ ಕೊಡಿ. ಬಾಟಲಿಯನ್ನು ತಲೆಕೆಳಗು ಮಾಡಿ ಮೆಲ್ಲಗೆ ಒತ್ತಿ ನೋಡಿ, ಹನಿ ಸೋರಬಾರದು. ಮೈಮೇಲೆ ಗೀಚು, ಲೇಬಲ್ ಅಂಚಿನಲ್ಲಿ ಸುಕ್ಕು ಇದ್ದರೆ ಅದು ಮತ್ತೆ ತುಂಬಿಸಿದ ಹಳೇ ಬಾಟಲಿ ಇರಬಹುದು.

ಲೇಬಲಿನ ಮೇಲೆ ಬ್ಯಾಚ್ ನಂಬರ್, ತಯಾರಾದ ದಿನ, ಎಲ್ಲಿಯವರೆಗೆ ಬಳಸಬಹುದು ಎಂಬುದು, ತಯಾರಿಸಿದವರ ಪೂರ್ತಿ ವಿಳಾಸ, ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಆ 14 ಅಂಕಿಯನ್ನು ಎಫ್‌ಎಸ್‌ಎಸ್‌ಎಐನ ಫೋಸ್ಕಾಸ್ ಜಾಲತಾಣದಲ್ಲಿ ಹಾಕಿದರೆ ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತ ಗೊತ್ತಾಗುತ್ತದೆ. ಐಎಸ್‌ಐ ಗುರುತು ಇದ್ದರೆ ಅದರ ಕೆಳಗಿನ ಸಿಎಂ/ಎಲ್ ನಂಬರನ್ನು, ಈ ಗುರುತು ಕೊಡುವ ಬಿಐಎಸ್ ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ನೋಡಬಹುದು.

ಐಎಸ್‌ಐ ಗುರುತು ಇಲ್ಲದಿದ್ದರೆ ಆ ನೀರು ಕಾನೂನುಬಾಹಿರವೇ?

ಮೊದಲು ಹಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಬಾಟಲಿ ನೀರಿಗೆ ಬಿಐಎಸ್ ಪ್ರಮಾಣಪತ್ರ ಕಡ್ಡಾಯ ಎಂಬ ನಿಯಮವನ್ನು ಎಫ್‌ಎಸ್‌ಎಸ್‌ಎಐ ತೆಗೆಯಿತು. ಮುಂದಿನ ತಿಂಗಳೇ ಬಾಟಲಿ ನೀರನ್ನು 'ಹೆಚ್ಚು ಅಪಾಯದ ಆಹಾರ'ಗಳ ಪಟ್ಟಿಗೆ ಸೇರಿಸಿತು. ಅಂದರೆ ಲೈಸೆನ್ಸ್ ಕೊಡುವ ಮೊದಲು ಘಟಕದ ತಪಾಸಣೆ ಆಗಬೇಕು, ವರ್ಷಕ್ಕೊಮ್ಮೆ ಹೊರಗಿನವರಿಂದ ಆಡಿಟ್ ಆಗಬೇಕು. ಕಾಗದದ ಮೇಲೆ ಇದು ಒಳ್ಳೆಯದೇ. ಆದರೂ ರೋಗಿಗೆ ಕೊಡುವ ನೀರಾದರೆ, ಎರಡು ಬಾಟಲಿಯಲ್ಲಿ ಒಂದಕ್ಕೆ ಐಎಸ್‌ಐ ಗುರುತು ಇದ್ದರೆ ಅದನ್ನೇ ತಗೊಳ್ಳಿ ಅಂತ ನಾನು ಹೇಳುತ್ತೇನೆ.

20 ಲೀಟರಿನ ಕ್ಯಾನು, ವಾರ್ಡಿನ ಕೂಲರು ನಂಬಬಹುದೇ?

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ತೊಂದರೆ ಜಾಸ್ತಿ ಇರುವುದು ಇಲ್ಲೇ.

ಮೂರು ಥರದ ನೀರನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಒಂದು, ಸೀಲು, ಲೇಬಲ್, ಲೈಸೆನ್ಸ್ ಎಲ್ಲ ಇರುವ ದೊಡ್ಡ ಕ್ಯಾನು. ಎರಡು, ಕೆಳಗೆ ನಲ್ಲಿ ಇರುವ ತಣ್ಣೀರಿನ ಜಾರು. ಮದುವೆ ಮನೆಗೆ, ಆಫೀಸಿಗೆ, ಚಿಕ್ಕ ನರ್ಸಿಂಗ್ ಹೋಮಿಗೆ ಟೆಂಪೋದಲ್ಲಿ ಬರುತ್ತದಲ್ಲ, ಅದು. ಅದಕ್ಕೆ ಸೀಲೂ ಇಲ್ಲ, ಲೇಬಲೂ ಇಲ್ಲ. ಅದು ತಣ್ಣಗೆ ಮಾಡಿ ತುಂಬಿದ ಬಿಡಿ ನೀರು, ಅಷ್ಟೇ. ಮೂರನೆಯದು, ಗೋಡೆಗೆ ಹಾಕಿದ ಆರ್‌ಒ ಅಥವಾ ಸ್ಟೀಲ್ ಕೂಲರು.

ಎರಡನೆಯದನ್ನು ರೋಗಿಗೆ ಕೊಡಬೇಡಿ. ಪುಣೆಯಲ್ಲಿ 2025ರ ಜನವರಿಯಲ್ಲಿ ಸಿಂಹಗಡ ರಸ್ತೆ, ನಾಂದೇಡ್ ಗ್ರಾಮ, ಕಿರ್ಕಟವಾಡಿ ಕಡೆ ಗಿಯಾನ್ ಬಾರೆ ಕಾಯಿಲೆ ಹಬ್ಬಿತು. ಕೈಕಾಲು ಸೋತು, ಕೆಲವರು ವೆಂಟಿಲೇಟರ್‌ವರೆಗೂ ಹೋದರು. ರೋಗಿಗಳ ಮಲ ಪರೀಕ್ಷೆಯಲ್ಲಿ ಕ್ಯಾಂಪೈಲೊಬ್ಯಾಕ್ಟರ್ ಎಂಬ, ಕೆಟ್ಟ ನೀರಿನಿಂದಲೂ ಹರಡುವ ಬ್ಯಾಕ್ಟೀರಿಯಾ ಸಿಕ್ಕಿತು. ಆಗ ಪಾಲಿಕೆಯವರು ಆ ಭಾಗದ ಖಾಸಗಿ ಆರ್‌ಒ ನೀರಿನ ಘಟಕಗಳನ್ನೂ ಪರೀಕ್ಷೆ ಮಾಡಿದರು. ಕುಡಿಯಲು ಯೋಗ್ಯವಲ್ಲದ ನೀರು ಮಾರುತ್ತಿದ್ದ ಹಲವು ಘಟಕಗಳಿಗೆ ಬೀಗ ಬಿತ್ತು. ಜನ ಅದನ್ನು ಫಿಲ್ಟರ್ ನೀರು ಅಂತ ದುಡ್ಡು ಕೊಟ್ಟೇ ತರುತ್ತಿದ್ದರು.

ಇನ್ನು ಸೀಲ್ ಇರುವ ಕ್ಯಾನು. ಅದರೊಳಗಿನ ನೀರು ಚೆನ್ನಾಗಿರಬಹುದು, ಆದರೆ ಅದನ್ನು ಕವುಚಿ ಇಡುವ ಡಿಸ್ಪೆನ್ಸರನ್ನು ಯಾರು ತೊಳೆಯುತ್ತಾರೆ? ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಡಿಸ್ಪೆನ್ಸರಿನ ನಲ್ಲಿಯ ಬಾಯಿಗೆ ಹತ್ತಿ ಉಂಡೆ ಹಾಕಿ ತಿರುಗಿಸಿ ನೋಡಿದ್ದೆ. ಹತ್ತಿಗೆ ಲೋಳೆ ಲೋಳೆಯಾಗಿ ಕಂದು ಬಣ್ಣ ಅಂಟಿತು. ಹೊರಗಿನಿಂದ ಫಳಫಳ ಹೊಳೆಯುತ್ತಿದ್ದ ಯಂತ್ರ ಅದು. ಆ ಲೋಳೆಯೊಳಗೆ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡರೆ ಮೇಲೆ ಎಂಥ ಒಳ್ಳೆಯ ಕ್ಯಾನು ಇಟ್ಟರೂ ಲೋಟಕ್ಕೆ ಬರುವುದು ಆ ಲೋಳೆ ಸವರಿ ಬಂದ ನೀರೇ. ಅದಕ್ಕೆ ವಾರ್ಡಿನ ಸಿಸ್ಟರ್ ಅಥವಾ ಮಾವಶಿಯನ್ನು (ಆಯಾಗೆ ಇಲ್ಲಿ ಹಾಗೆ ಕರೆಯುತ್ತಾರೆ) ಕೇಳಿ: ಡಿಸ್ಪೆನ್ಸರ್ ಯಾವಾಗ ತೊಳೆದದ್ದು? ಗೋಡೆಯ ಮೇಲೆ ತಾರೀಖು, ಸಹಿ ಇರುವ ಚೀಟಿ ಅಂಟಿಸಿದ್ದರೆ ಒಳ್ಳೆಯ ಲಕ್ಷಣ. ಗೋಡೆಯ ಆರ್‌ಒಗೂ ಇದೇ ಮಾತು. ಫಿಲ್ಟರ್ ಯಾವಾಗ ಬದಲಿಸಿದರು ಎಂಬುದು ಅದರ ಮೇಲೇ ಬರೆದಿರಬೇಕು. ಚೀಟಿ ಇಲ್ಲ, ಯಾರಿಗೂ ಗೊತ್ತಿಲ್ಲ ಎಂದರೆ ಜೊತೆಗಿರುವವರು ಬೇಕಾದರೆ ಕುಡಿಯಲಿ, ರೋಗಿಗೆ ಬೇಡ.

ಸರಪಳಿ ಕಟ್ಟಿದ ಸ್ಟೀಲ್ ಲೋಟವನ್ನು ಮುಟ್ಟಲೇಬೇಡಿ.

ಮುಂಬೈಯ ನಲ್ಲಿ ನೀರು ಅಷ್ಟು ಕೆಟ್ಟದ್ದೇ?

ಅಲ್ಲ. ಭಾತ್ಸಾ, ತಾನಸಾ, ಮೋಡಕ್ ಸಾಗರ್, ಮಧ್ಯ ವೈತರಣಾ, ಮೇಲಿನ ವೈತರಣಾ, ವಿಹಾರ್, ತುಳಸಿ, ಈ 7 ಜಲಾಶಯಗಳಿಂದ ಮುಂಬೈಗೆ ನೀರು ಬರುತ್ತದೆ. ಭಾಂಡುಪ್‌ನಂಥ ದೊಡ್ಡ ಘಟಕಗಳಲ್ಲಿ ಶುದ್ಧ ಮಾಡಿ, ಕ್ಲೋರಿನ್ ಹಾಕಿ ಬಿಡುತ್ತಾರೆ. ಅಲ್ಲಿಂದ ಹೊರಡುವಾಗ ಒಳ್ಳೆಯ ನೀರೇ. ಹಾಳಾಗುವುದು ದಾರಿಯಲ್ಲಿ. ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ಉಳಿದ ಹೊತ್ತು ಪೈಪು ಖಾಲಿ. ಆಗ ಬಿರುಕಿನಿಂದ ಪಕ್ಕದ ಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಂತೂ ಇದು ಹೆಚ್ಚು. ಆಮೇಲೆ ಕಟ್ಟಡದ ಟ್ಯಾಂಕಿ ಎಷ್ಟು ಸ್ವಚ್ಛ ಎಂಬುದರ ಮೇಲೆ ಉಳಿದದ್ದು. ಕುದಿಸಿದರೆ ಈ ನೀರು ರೋಗಿಗೂ ಒಳ್ಳೆಯದು. ಬಾಟಲಿಗೆ ದುಡ್ಡಿಲ್ಲ ಎಂದು ಯಾರೂ ಸಂಕಟ ಪಡಬೇಕಿಲ್ಲ.

ಟಿಡಿಎಸ್ ಮೀಟರಿನಲ್ಲಿ ನೋಡಿದೆ, 40 ಬಂತು. ಒಳ್ಳೆಯ ನೀರು ತಾನೇ?

ಆ ಮೀಟರು ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಕಾಲರಾ ರೋಗಾಣು ಇದ್ದರೂ 40 ಬರುತ್ತದೆ, ಇಲ್ಲದಿದ್ದರೂ 40 ಬರುತ್ತದೆ.

ತೆರೆದ ಬಾಟಲಿ ಎಷ್ಟು ಹೊತ್ತು ಇಡಬಹುದು?

ರೋಗಿ ಬಾಯಿ ಹಚ್ಚಿ ಕುಡಿದ ಬಾಟಲಿಯಾದರೆ ಕೆಲವು ಗಂಟೆಗಳಲ್ಲೇ ಮುಗಿಸಿ. ಪ್ರತಿ ಗುಟುಕಿಗೂ ಬಾಯೊಳಗಿನದ್ದು ಸ್ವಲ್ಪ ಬಾಟಲಿಗೆ ವಾಪಸ್ ಹೋಗುತ್ತದೆ. ಬಾಟಲಿ ನೀರಿನಲ್ಲಿ ನಲ್ಲಿ ನೀರಿನ ಹಾಗೆ ಕ್ಲೋರಿನ್ ಉಳಿದಿರುವುದಿಲ್ಲ, ಹಾಗಾಗಿ ಒಮ್ಮೆ ಹೊಲಸು ಸೇರಿದರೆ ತಡೆಯುವವರು ಯಾರೂ ಇಲ್ಲ. ಲೋಟಕ್ಕೆ ಬಗ್ಗಿಸಿ ಕುಡಿಯುವುದಾದರೆ ಸಂಜೆಯವರೆಗೂ ಇಡಬಹುದು, ರಾತ್ರಿ ದಾಟಿಸಬೇಡಿ.

ಒಂದು ಒಳ್ಳೆಯ ಉಪಾಯ ಇದೆ. ಸಿಸ್ಟರ್ ಹತ್ತಿರ ಬಿಳಿ ಮೈಕ್ರೋಪೋರ್ ಟೇಪಿನ ಒಂದು ತುಂಡು ಕೇಳಿ. ಬಾಟಲಿಗೆ ಅಂಟಿಸಿ, ರೋಗಿಯ ಹೆಸರು, ತೆರೆದ ಹೊತ್ತು ಪೆನ್ನಿನಲ್ಲಿ ಬರೆಯಿರಿ. ಪಕ್ಕದ ಮಂಚದವರ ಬಾಟಲಿ ಜೊತೆ ಅದಲು ಬದಲಾಗುವುದಿಲ್ಲ. ನೋಡಲು ಬಂದ ಮಾಮ, ಚಿಕ್ಕಪ್ಪ ಬಾಯಾರಿ ಅದನ್ನೇ ಎತ್ತಿ ಕುಡಿಯುವುದೂ ತಪ್ಪುತ್ತದೆ. ಬಾಟಲಿಯನ್ನು ನೆಲದ ಮೇಲೆ ಇಡಬೇಡಿ. ಯೂರಿನ್ ಬ್ಯಾಗ್ ನೇತು ಹಾಕಿದ ಕಡೆ ಅಂತೂ ಬೇಡವೇ ಬೇಡ. ಖಾಲಿಯಾದದ್ದಕ್ಕೆ ಮತ್ತೆ ನೀರು ತುಂಬಬೇಡಿ, ಹಿಂಡಿ ಬಿಸಾಕಿ. ನೀವು ಹಾಗೇ ಎಸೆದ ಬಾಟಲಿಯೇ ನಾಳೆ ನಕಲಿ ನೀರು ತುಂಬಿಕೊಂಡು ಅಂಗಡಿಗೆ ಬರುತ್ತದೆ.

ಆಕ್ಸಿಜನ್ ಬಾಟಲಿಗೆ, ನೆಬ್ಯುಲೈಸರಿಗೆ, ರೈಲ್ಸ್ ಟ್ಯೂಬಿಗೆ (ಮೂಗಿನ ಮೂಲಕ ಹೊಟ್ಟೆಗೆ ಹಾಕಿದ ಕೊಳವೆಗೆ) ಈ ನೀರು ಹಾಕಬಹುದೇ?

ನೆಬ್ಯುಲೈಸರಿಗೆ ಖಂಡಿತ ಬೇಡ. ಅದರೊಳಗಿನದ್ದು ಮಂಜಾಗಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಡಾಕ್ಟರು ಬರೆದ ಔಷಧಿ ಮತ್ತು ಸ್ಟೆರೈಲ್ ಸಲೈನ್ ಮಾತ್ರ. ಆಕ್ಸಿಜನ್ನಿನ ಗುಳ್ಳೆ ಬರುವ ಹ್ಯೂಮಿಡಿಫೈಯರ್ ಬಾಟಲಿಗೂ ಸ್ಟೆರೈಲ್ ನೀರೇ ಬೇಕು. 2021ರಲ್ಲಿ ಕೋವಿಡ್ ಜೊತೆ ಕಪ್ಪು ಶಿಲೀಂಧ್ರ ಬಂದಾಗ ಕೇಂದ್ರ ಆರೋಗ್ಯ ಇಲಾಖೆ ಕೊಟ್ಟ ಸೂಚನೆಯಲ್ಲೂ ಇದೇ ಮಾತು ಇತ್ತು. ಹೊಟ್ಟೆಗೆ ನೀರು ಹೋದರೆ ಅಲ್ಲಿ ಆಮ್ಲ ಇದೆ, ಸ್ವಲ್ಪ ತಡೆಯುತ್ತದೆ. ಶ್ವಾಸಕೋಶಕ್ಕೆ ಅಂಥ ಕಾವಲು ಇಲ್ಲ.

ರೈಲ್ಸ್ ಟ್ಯೂಬಿನಲ್ಲಿ ಕೊಡುವ ನೀರು ರೋಗಿಯನ್ನು ನೋಡಿ ಬದಲಾಗುತ್ತದೆ. ಐಸಿಯುನಲ್ಲಿ ಆದರೆ ಅವರೇ ನೋಡಿಕೊಳ್ಳುತ್ತಾರೆ. ಟ್ಯೂಬ್ ಸಮೇತ ಡಿಸ್ಚಾರ್ಜ್ ಮಾಡಿದರೆ ಕುದಿಸಿ ಆರಿಸಿದ ನೀರು ಬಳಸಿ, ಸಿರಿಂಜನ್ನೂ ಪ್ರತಿ ಸಲ ತೊಳೆದು ಒಣಗಿಸಿ. ಗಾಯ ತೊಳೆಯಲು ಸಲೈನ್ ಇದೆ, ಬಾಟಲಿ ನೀರು ಸುರಿಯಬೇಡಿ.

ಕೂಸಿಗೆ ಪುಡಿ ಹಾಲು ಕಲಸಲು ಬಾಟಲಿ ನೀರು ಸಾಕಲ್ವಾ, ಕುದಿಸಬೇಕೇ?

ಕುದಿಸಲೇಬೇಕು. ತಾಯಿ ಹಾಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ, 6 ತಿಂಗಳವರೆಗೆ ಬೇರೆ ನೀರೂ ಬೇಡ. ಪುಡಿ ಹಾಲೇ ಕೊಡಬೇಕಾಗಿ ಬಂದರೆ ನೆನಪಿಡಿ, ಹಾಲಿನ ಪುಡಿಯೂ ಸ್ಟೆರೈಲ್ ಅಲ್ಲ. ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಪುಡಿಯಲ್ಲೇ ಇರಬಹುದು, ಅವಧಿಗೆ ಮೊದಲು ಹುಟ್ಟಿದ ಕೂಸುಗಳಿಗೆ ಅದು ಪ್ರಾಣಕ್ಕೆ ಕುತ್ತು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ಪುಡಿ ಹಾಕಬೇಕು ಅಂತ. ಕುದಿಸಿ ಇಳಿಸಿದ ಅರ್ಧ ಗಂಟೆಯೊಳಗೆ ಕಲಸಿ, ಆಮೇಲೆ ಆರಿಸಿ, ಮುಂಗೈ ಮೇಲೆ ಹನಿ ಹಾಕಿ ನೋಡಿ ಕುಡಿಸಿ.

ಓಆರ್‌ಎಸ್ ಕಲಸುವಾಗ ಒಂದು ಮಾತು. ದೊಡ್ಡ ಪೊಟ್ಟಣ 1 ಲೀಟರಿಗೆ, ಚಿಕ್ಕದು 200 ಮಿಲಿಗೆ. ಪೊಟ್ಟಣದ ಮೇಲೆ ಓದಿಕೊಳ್ಳಿ. ತುಂಬಿದ ಬಾಟಲಿಗೇ ಪುಡಿ ಸುರಿಯಲು ಹೋದರೆ ಉಕ್ಕಿ ಚೆಲ್ಲುತ್ತದೆ, ಆಮೇಲೆ ಅಳತೆ ತಪ್ಪುತ್ತದೆ. ತೊಳೆದ ಪಾತ್ರೆಗೆ ನೀರು ಪೂರ್ತಿ ಬಗ್ಗಿಸಿ ಕಲಸಿ. 24 ಗಂಟೆ ಆದ ಮೇಲೆ ಚೆಲ್ಲಿ.

ಡಯಾಲಿಸಿಸ್ ರೋಗಿಗೆ?

ಕುಡಿಯಲು ಯಾವ ಶುದ್ಧ ನೀರೂ ಆದೀತು. ಅಲ್ಲಿ ಪ್ರಶ್ನೆ ಇರುವುದು ಎಷ್ಟು ಎಂಬುದರದ್ದು. ದಿನಕ್ಕೆ ಇಷ್ಟೇ ಅಂತ ಡಾಕ್ಟರು ಹೇಳಿದ್ದನ್ನು ಬೆಳಗ್ಗೆಯೇ ಒಂದು ಬಾಟಲಿಗೆ ಅಳೆದು ತುಂಬಿಡಿ. ಚಹಾ, ಮಜ್ಜಿಗೆ, ಸಾರು ಎಲ್ಲ ಅದೇ ಲೆಕ್ಕಕ್ಕೆ ಸೇರುತ್ತದೆ.

ಬಿಸಿಲಿನಲ್ಲಿ ಇಟ್ಟ ಬಾಟಲಿ ನೀರು ಕುಡಿದರೆ ಕ್ಯಾನ್ಸರ್ ಬರುತ್ತದಂತೆ, ಹೌದೇ?

ವಾಟ್ಸ್ಆ್ಯಪ್‌ನಲ್ಲಿ ಬರುವಷ್ಟು ಹೆದರಬೇಕಾಗಿಲ್ಲ. ಬಿಪಿಎ ಎಂಬ ರಾಸಾಯನಿಕ ಇರುವುದು ಗಟ್ಟಿ ಪಾಲಿಕಾರ್ಬೊನೇಟ್ ಕ್ಯಾನಿನಲ್ಲಿ. ಚಿಕ್ಕ ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿನಲ್ಲಿ ಅದು ಇಲ್ಲ. ತುಂಬಾ ಬಿಸಿಯಾದರೆ ಪೆಟ್‌ನಿಂದ ಆಂಟಿಮನಿ ಅನ್ನುವುದು ಅತಿ ಸ್ವಲ್ಪ ಪ್ರಮಾಣದಲ್ಲಿ ನೀರಿಗೆ ಇಳಿಯುತ್ತದೆ. ಹಾಗಾಗಿ ಫುಟ್‌ಪಾತಿನ ಬಿಸಿಲಲ್ಲಿ ಕುದಿಯುತ್ತಿರುವ ಬಾಟಲಿ ಬಿಟ್ಟು ಒಳಗೆ ನೆರಳಿನಲ್ಲಿ ಇಟ್ಟದ್ದನ್ನು ಕೇಳಿ. ಪ್ಲಾಸ್ಟಿಕ್ ಕಣಗಳ ಮಾತು ನಿಜ. 2018ರಲ್ಲಿ ಹಲವು ದೇಶಗಳ 259 ಬಾಟಲಿ ಪರೀಕ್ಷಿಸಿದಾಗ ನೂರಕ್ಕೆ 93ರಲ್ಲಿ ಅವು ಸಿಕ್ಕವು. ಆದರೆ ಇವತ್ತು ಮಂಚದ ಮೇಲಿರುವ ರೋಗಿಗೆ ರೋಗಾಣುವೇ ಮೊದಲ ಶತ್ರು, ಪ್ಲಾಸ್ಟಿಕ್ ಆಮೇಲಿನದ್ದು.

ಕೀಟನಾಶಕದ ಭಯವೂ ಕೆಲವರಿಗೆ ಇದೆ. 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ದೆಹಲಿ, ಮುಂಬೈಯ ಬಾಟಲಿಗಳಲ್ಲಿ ಕೀಟನಾಶಕ ಇದೆ ಎಂದು ತೋರಿಸಿತ್ತು. ಆ ಗದ್ದಲದ ನಂತರವೇ ನಿಯಮ ಬಿಗಿಯಾಯಿತು. ಈಗ ಯಾವುದೇ ಒಂದು ಕೀಟನಾಶಕ ಲೀಟರಿಗೆ 0.0001 ಮಿಲಿಗ್ರಾಂ ದಾಟಬಾರದು.

ಕಬ್ಬಿನ ಹಾಲು, ಶರಬತ್ತಿಗೆ ಹಾಕುವ ಐಸ್?

ಬೇಡ. ನೀರಿಗೆ ಇಷ್ಟು ಜಾಗ್ರತೆ ಮಾಡಿ ಐಸಿನಲ್ಲಿ ಎಡವುತ್ತಾರೆ. ತಣ್ಣಗಾದರೆ ರೋಗಾಣು ಸಾಯುವುದಿಲ್ಲ. ತಿನ್ನಲು ಅಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕು ಅಂತ 2018ರಲ್ಲಿ ನಿಯಮ ಬಂತು. ಬಿಳಿ ಇದ್ದರೂ ರೋಗಿಗೆ ಬೇಡ. ಬಾಯಿ ಹುಣ್ಣಿಗೆ ಐಸ್ ಚೀಪಲು ಡಾಕ್ಟರು ಹೇಳಿದ್ದರೆ ಕುದಿಸಿದ ನೀರಿನಿಂದ ಮಾಡಿದ್ದೇ ಆಗಬೇಕು.

ಆಸ್ಪತ್ರೆ ಅಂಗಡಿಯವರು ಜಾಸ್ತಿ ದುಡ್ಡು ಕೇಳಿದರೆ, ನೀರು ಕೆಟ್ಟಿದ್ದರೆ ಯಾರಿಗೆ ಹೇಳಬೇಕು?

ಆಸ್ಪತ್ರೆಯೊಳಗಿನ ಅಂಗಡಿಯಾಗಲಿ, ಮೆಡಿಕಲ್ ಸ್ಟೋರ್ ಆಗಲಿ, ಎಂಆರ್‌ಪಿಗಿಂತ ಒಂದು ರೂಪಾಯಿಯೂ ಹೆಚ್ಚು ತಗೊಳ್ಳುವ ಹಾಗಿಲ್ಲ. 'ಕೂಲಿಂಗ್ ಚಾರ್ಜ್' ಅನ್ನುವುದು ಸುಳ್ಳು ನೆಪ. ಕೂತು ಊಟ ಮಾಡುವ ಹೋಟೆಲಿನ ವಿಷಯ ಬೇರೆ, 2017ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಬಿಟ್ಟುಕೊಟ್ಟಿದೆ. ಬೆಲೆಯ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನೀರಿನೊಳಗೆ ಕಸ, ವಾಸನೆ, ಪಾಚಿ ಕಂಡರೆ ಎಫ್‌ಎಸ್‌ಎಸ್‌ಎಐ 1800-112-100, ಅಥವಾ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ. ಬಾಟಲಿಯನ್ನು ಚೆಲ್ಲಬೇಡಿ. ಬ್ಯಾಚ್ ನಂಬರ್ ಕಾಣುವ ಹಾಗೆ ಫೋಟೋ, ಬಿಲ್ಲು, ಅದೇ ಬ್ಯಾಚಿನ ತೆರೆಯದ ಇನ್ನೊಂದು ಬಾಟಲಿ ಇದ್ದರೆ ದೂರು ಗಟ್ಟಿಯಾಗುತ್ತದೆ.

ಆಸ್ಪತ್ರೆಯ ನೀರಿನ ಬಗ್ಗೆ ಸಂಶಯ ಇದ್ದರೆ ಮೊದಲು ಸೋಂಕು ನಿಯಂತ್ರಣದ ಸಿಸ್ಟರನ್ನು ಕೇಳಿ, ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತಾರೆ. ಇತ್ತೀಚಿನ ನೀರಿನ ಪರೀಕ್ಷೆಯ ರಿಪೋರ್ಟ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಎಷ್ಟೋ ಜನ 'ಕೇಳಿದರೆ ನಮ್ಮ ಪೇಷಂಟನ್ನು ಸರಿಯಾಗಿ ನೋಡಲಿಕ್ಕಿಲ್ಲ' ಅಂತ ಹೆದರಿ ಸುಮ್ಮನಾಗುತ್ತಾರೆ. ಒಂದೇ ವಾರ್ಡಿನ ನಾಲ್ಕು ಮನೆಯವರು ಒಟ್ಟಿಗೆ ಹೋಗಿ ಮರ್ಯಾದೆಯಿಂದ ಕೇಳಿ, ಉತ್ತರ ಬರುತ್ತದೆ.

ಊರಿಗೆ ಹೋದ ಮೇಲೂ ಬಾಟಲಿ ನೀರೇ ಕುಡಿಸಬೇಕೇ?

ಬೇಕಿಲ್ಲ. ಕುದಿಸಿ, ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಟ್ಟು, ಕೈ ಅದ್ದದೆ ಉದ್ದ ಹಿಡಿಯ ಸೌಟಿನಿಂದ ತೆಗೆದು ಕೊಡಿ. ಆದರೆ ನಿಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದ್ದರೆ ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ರಾಯಚೂರು, ಬಾಗಲಕೋಟೆ, ತುಮಕೂರು, ಕೋಲಾರ ಕಡೆಯ ಕೆಲವು ಹಳ್ಳಿಗಳಲ್ಲಿ ಈ ತೊಂದರೆ ಇದೆ. ಅಂಥ ಕಡೆ ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದ ತಂದು, ಆಮೇಲೆ ಕುದಿಸಿ. ಕೀಮೋ ಇನ್ನೂ ಬಾಕಿ ಇದ್ದರೆ ಮುಂದಿನ ಸಲ ಓಪಿಡಿಗೆ ಬಂದಾಗ, ಎಲ್ಲಿಯವರೆಗೆ ಕುದಿಸಿಯೇ ಕೊಡಬೇಕು ಅಂತ ಡಾಕ್ಟರ ಹತ್ತಿರ ಫೈಲಿನ ಮೇಲೆ ಬರೆಸಿಕೊಳ್ಳಿ.